ಗೆಳೆಯನಿಗೊಂದು ಪತ್ರ: ಆ ಕ್ರೇನ್ ಫೋಟೋ ನೋಡಿದ್ಮೇಲೆ

ಲೋ ಮಾರಾಯ,

ನೀನು ಲಂಡನ್ನಿಂದ ಕಳ್ಸಿದ ಫೋಟೋ ನೋಡ್ದೆ. ಕೆನೇರಿ ವಾರ್ಫ್, ನೀರಿನ ಪಕ್ಕ ಹಳೇ ಕ್ರೇನು, ಹಿಂದೆ ಗಾಜಿನ ಬಿಲ್ಡಿಂಗು, ಮುಂದೆ ಕಾಫಿ ಹಿಡ್ಕೊಂಡು ನೀನು. "ಹಾಳುಬಿದ್ದಿದ್ದ ಹಡಗುಕಟ್ಟೆ ಹೆಂಗೆ ಎದ್ದಿದೆ ನೋಡು, ಭದ್ರಾವತಿನೂ ಹಿಂಗಾಗ್ಬೇಕು" ಅಂತ ಬರ್ದಿದ್ಯಲ್ಲ, ಅದು ತಲೇಲಿ ಕೂತ್ಬಿಡ್ತು ಕಣೋ.

ಅವತ್ತಿಂದ ಅದನ್ನೇ ಓದ್ತಿದೀನಿ. 1802ರಲ್ಲಿ ಸಕ್ಕರೆ, ರಮ್ ಇಳಿಸೋಕೆ ಅಂತ ಅಲ್ಲೇ ತೆರೆದ ವೆಸ್ಟ್ ಇಂಡಿಯಾ ಡಾಕ್ಸ್ ಅನ್ನೋ ಹಡಗುಕಟ್ಟೆ, ಕಂಟೇನರ್ ಕಾಲ ಬಂದು ದೊಡ್ಡ ಹಡಗುಗಳು ನದಿ ಕೆಳಗಿನ ಟಿಲ್ಬರಿ ಬಂದರಲ್ಲೇ ನಿಂತ್ಮೇಲೆ 1980ಕ್ಕೆ ಬಾಗ್ಲು ಹಾಕ್ತು. ಮಾರನೇ ವರ್ಷನೇ ಸರ್ಕಾರ ಒಂದು ಅಭಿವೃದ್ಧಿ ನಿಗಮ ಮಾಡಿ, ಪ್ಲಾನಿಂಗ್ ಅಧಿಕಾರನ ಸ್ಥಳೀಯ ಕೌನ್ಸಿಲ್‌ಗಳಿಂದ ಕಿತ್ತು ಅದ್ರ ಕೈಗೆ ಕೊಡ್ತು. 1987ಕ್ಕೆ ರೈಲು, 1991ಕ್ಕೆ 235 ಮೀಟರ್ ಎತ್ತರದ ಟವರ್, 1992ಕ್ಕೆ ಅದನ್ನ ಕಟ್ಟಿಸಿದ ಕಂಪನಿನೇ ದಿವಾಳಿ. ಆದ್ರೂ ಎದ್ದು ನಿಲ್ತು, ಒಪ್ತೀನಿ. ಆದ್ರೆ 1986ರಲ್ಲಿ ಅಲ್ಲಿನ ಜನ ಒಂದು ಸಮಾರಂಭದೊಳಗೆ ಕುರಿ, ಜೇನು ಬಿಟ್ಟಿದ್ರಂತೆ, ಈ ಹೊಸ ಕೆಲ್ಸ, ಹೊಸ ಮನೆ ಯಾವ್ದೂ ನಮಗಲ್ಲ ಅಂತ ಸಿಟ್ಟು. ಜೇನೆದ್ರೆ ಏನಾಗತ್ತೆ ಅಂತ ಕೊಡಚಾದ್ರಿ ಹತ್ತಿದ ನಿಂಗೆ ಹೇಳ್ಬೇಕಾ.

ಆಮೇಲೆ ನಿನ್ ಫೋಟೋ ಮತ್ತೆ ನೋಡ್ದೆ. ಕ್ರೇನಿಗೆ ಪೇಂಟ್ ಹೊಡ್ದು ಇಟ್ಕೊಂಡಿದಾರೆ. ಅದನ್ನ ಓಡಿಸ್ತಿದ್ದವನು ಎಲ್ಲಿ ಹೋದ?

ಇನ್ನೊಂದು ಹೇಳ್ಲಾ, ಯಾರಿಗೂ ಹೇಳಿಲ್ಲ. ಭದ್ರಾವತಿಲಿ ಅಪ್ಪ ದುಡಿದ ಫ್ಯಾಕ್ಟರಿ ಕ್ವಾರ್ಟರ್ಸ್ ಹಿಂದೆ ನಾನು ಮೂವತ್ತು ನಲವತ್ತರ ಒಂದು ಸೈಟ್ ತಗೊಂಡಿದೀನಿ. ಫ್ಯಾಕ್ಟರಿ ಉಳಿಸಿ ಅಂತ ಧರಣಿ ಕೂತಾಗ ಅಪ್ಪನ ಶಿಫ್ಟಿನವರು ಮನೆಗೇ ಬಂದು "ಬಾ ತಮ್ಮಾ, ನೀನೂ ಒಂದಿನ ಕೂತ್ಕೋ" ಅಂದ್ರು. ಬರ್ತೀನಿ ಅಂದೆ, ಹೋಗ್ಲಿಲ್ಲ. ಟೈಮ್ ಇರ್ಲಿಲ್ಲ ಅಂತಲ್ಲ. ಅದು ಮುಚ್ಚಿದ್ರೆ ಆ ಜಾಗದಲ್ಲಿ ಏನೋ ದೊಡ್ಡದು ಬರತ್ತೆ, ಸೈಟಿನ ರೇಟ್ ಏರತ್ತೆ ಅಂತ ಮನ್ಸು ಲೆಕ್ಕ ಹಾಕಿತ್ತು. ರಾತ್ರಿ ಹತ್ತಾದ್ರೆ ಅಮ್ಮ ಈಗ್ಲೂ "ಸೆಕೆಂಡ್ ಶಿಫ್ಟ್ ಬಿಡೋ ಹೊತ್ತು" ಅಂತಾಳೆ, ಅವಾಗ ಅವಳ ಮುಖ ನೋಡಕ್ಕಾಗಲ್ಲ ನಂಗೆ.

ಇಷ್ಟು ಬರೀಬೇಕು ಅಂತ ಕೂತಿರ್ಲಿಲ್ಲ. ಹೋಗ್ಲಿ, ಇಲ್ಲಿ ಮಳೆ ಹಿಡ್ದಿದೆ, ಮನೇಲಿ ಕಳಲೆ ಪಲ್ಯ, ನಿಂಗೆ ಹೊಟ್ಟೆ ಉರೀಲಿ ಅಂತ ಫೋಟೋ ಹಾಕ್ತೀನಿ. ಭಾನುವಾರ ಆ ಕಡೆ ಹೋದ್ರೆ, ಕ್ರೇನ್ ಓಡಿಸ್ತಿದ್ದವ್ರ ಮನೆಯವ್ರು ಯಾರಾದ್ರೂ ಆಸುಪಾಸಲ್ಲಿ ಇದಾರಾ ಅಂತ ಕೇಳು. ಜೇನಿನ ವಿಷ್ಯ ಮಾತ್ರ ಎತ್ತಬೇಡ.