‘ಉಷ್ಣ’ವೆಂದು ಸುಮ್ಮನಾದ ನಮ್ಮ ಮನೆಯ ಕಾಯಿಲೆ: ಎಚ್‌ಎಚ್‌ಟಿಗೆ ಒಂದು ಕ್ಲಿನಿಕ್ ಬೇಕು

ಮಾನ್ಯ ಸಂಪಾದಕರೇ,

ನನ್ನ ತಂದೆಯವರಿಗೆ ವಾರದಲ್ಲಿ ಮೂರು ನಾಲ್ಕು ಸಲ ಮೂಗಿನಿಂದ ರಕ್ತ ಸುರಿಯುತ್ತಿತ್ತು. ಅಜ್ಜಿಗೂ ಹಾಗೆಯೇ ಆಗುತ್ತಿತ್ತಂತೆ. ನಮ್ಮದು ಉಷ್ಣ ಶರೀರದ ಮನೆತನ ಎಂದೇ ಎಲ್ಲರೂ ನಂಬಿದ್ದೆವು; ಎಳನೀರು ಕುಡಿಸಿ, ನೆತ್ತಿಗೆ ಹರಳೆಣ್ಣೆ ಹಚ್ಚಿ ಸುಮ್ಮನಾಗುತ್ತಿದ್ದೆವು. ಅವರ ತುಟಿ ಮತ್ತು ಬೆರಳ ತುದಿಗಳಲ್ಲಿದ್ದ ಸಣ್ಣ ಕೆಂಪು ಚುಕ್ಕೆಗಳ ಬಗ್ಗೆ ಯಾವ ವೈದ್ಯರೂ ಕೇಳಲಿಲ್ಲ. ರಕ್ತ ನಿಲ್ಲಿಸಲೆಂದು ಮೂಗಿನ ಒಳಭಾಗವನ್ನು ಮತ್ತೆ ಮತ್ತೆ ಸುಟ್ಟಿದ್ದರಿಂದ ಕೊನೆಗೆ ನಡುಗೋಡೆಯಲ್ಲೇ ತೂತು ಬಿತ್ತು.

ಮೂರು ವರ್ಷಗಳ ಹಿಂದೆ ನನ್ನ ಅಣ್ಣನಿಗೆ ಹಲ್ಲು ಕೀಳಿಸಿಕೊಂಡ ಕೆಲವೇ ವಾರಗಳಲ್ಲಿ ತೀವ್ರ ತಲೆನೋವು, ಜ್ವರ ಬಂದು ಬಲಗೈ ಸ್ವಾಧೀನ ತಪ್ಪಿತು. ಮೆದುಳಿನಲ್ಲಿ ಕೀವುಗಟ್ಟಿತ್ತು. ಎದೆಯ ಸಿ.ಟಿ. ಸ್ಕ್ಯಾನ್ ಮಾಡಿದಾಗ, ಶ್ವಾಸಕೋಶದಲ್ಲಿ ಅಪಧಮನಿಯೊಂದು ನಡುವೆ ಲೋಮನಾಳಗಳೆಂಬ ಕೂದಲೆಳೆಯಂಥ ಸೂಕ್ಷ್ಮ ನಾಳಗಳಿಲ್ಲದೆ ನೇರವಾಗಿ ಅಭಿಧಮನಿಯನ್ನು ಕೂಡಿಕೊಂಡಿರುವುದು ಕಂಡಿತು. ಸೋಸುವ ಜರಡಿಯೇ ಇಲ್ಲದ ಆ ದಾರಿಯಲ್ಲಿ ಬಾಯಿಯ ರೋಗಾಣುಗಳು ಮೆದುಳಿಗೆ ತಲುಪಿದ್ದವು. ಹೆರಿಡಿಟರಿ ಹೆಮರೇಜಿಕ್ ಟೆಲಾಂಜಿಯೆಕ್ಟೇಸಿಯಾ, ಅಂದರೆ ಎಚ್‌ಎಚ್‌ಟಿ (ರಕ್ತನಾಳಗಳು ದೋಷಪೂರಿತವಾಗಿ ರೂಪುಗೊಳ್ಳುವ ಆನುವಂಶಿಕ ಕಾಯಿಲೆ) ಎಂಬ ಹೆಸರನ್ನು ನಮ್ಮ ಕುಟುಂಬ ಮೊದಲು ಕೇಳಿದ್ದು ಆಗ.

ಸುಮಾರು 5,000 ಜನರಲ್ಲಿ ಒಬ್ಬರಿಗೆ ಇರುವ, ತಂದೆ ಅಥವಾ ತಾಯಿಯಿಂದ ಪ್ರತಿ ಮಗುವಿಗೂ ಶೇ 50ರಷ್ಟು ಸಾಧ್ಯತೆಯೊಂದಿಗೆ ಬರುವ ಕಾಯಿಲೆ ಇದು. ಇದನ್ನು ಗುರುತಿಸಲು 2000ದಲ್ಲಿ ಪ್ರಕಟವಾದ ಕ್ಯುರಸಾವೊ ಮಾನದಂಡಗಳಲ್ಲಿ ನಾಲ್ಕು ಲಕ್ಷಣಗಳಿವೆ: ಕಾರಣವಿಲ್ಲದೆ ಮರುಕಳಿಸುವ ಮೂಗಿನ ರಕ್ತಸ್ರಾವ, ತುಟಿ, ನಾಲಿಗೆ, ಬೆರಳು, ಮೂಗಿನ ಮೇಲಿನ ಕೆಂಪು ಚುಕ್ಕೆಗಳು, ಒಳ ಅಂಗಗಳಲ್ಲಿ ದೋಷಪೂರಿತ ರಕ್ತನಾಳಗಳು, ಹಾಗೂ ಹೆತ್ತವರು, ಒಡಹುಟ್ಟಿದವರು ಅಥವಾ ಮಕ್ಕಳಲ್ಲಿ ಇದೇ ಕಾಯಿಲೆ. ಮೂರು ಕೂಡಿದರೆ ರೋಗ ಖಚಿತ. ಗಮನಿಸಿ, ಇವುಗಳಲ್ಲಿ ಮೂರನ್ನು ತಿಳಿಯಲು ಯಂತ್ರವೇ ಬೇಡ; ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರು ಕೇಳಿ, ಕಣ್ಣಿನಿಂದ ನೋಡಿದರೆ ಸಾಕು. ಈ ಒಂದು ಪ್ರಶ್ನೆಗಾಗಿ ನಾವು ಮೂರು ತಲೆಮಾರು ಕಾದೆವು.

ಗೊತ್ತಾದ ಮೇಲೂ ನಮ್ಮ ಅಲೆದಾಟ ಮುಗಿದಿಲ್ಲ. ಮೂಗಿಗೆ ಇಎನ್‌ಟಿ, ರಕ್ತಹೀನತೆಗೆ ಮತ್ತೊಬ್ಬರು, ಶ್ವಾಸಕೋಶ, ಯಕೃತ್ತು, ಮೆದುಳಿಗೆ ಬೇರೆ ಬೇರೆ ಒಪಿಡಿ ಚೀಟಿ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದುವ ವ್ಯವಸ್ಥೆ ಎಲ್ಲೂ ಇಲ್ಲ. ಒಮ್ಮೆ ಅಣ್ಣನಿಗೆ ಕಬ್ಬಿಣಾಂಶದ ಡ್ರಿಪ್ ಹಾಕುವಾಗ, ಇಂಥ ರೋಗಿಗಳ ನಾಳಕ್ಕೆ ಗಾಳಿಯ ಗುಳ್ಳೆ ಹೋಗಬಾರದೆಂದು ನರ್ಸ್‌ಗೆ ಹೇಳಬೇಕಾಗಿ ಬಂದದ್ದು ಶಾಲಾ ಮಾಸ್ತರನಾದ ನಾನು.

ಅಲುಗಾಡಿಸಿದ ಲವಣದ್ರಾವಣವನ್ನು ಕೈಯ ರಕ್ತನಾಳಕ್ಕೆ ಕೊಟ್ಟು, ಅದರ ಅತಿ ಸೂಕ್ಷ್ಮ ಗುಳ್ಳೆಗಳು ಹೃದಯದ ಎಡಭಾಗಕ್ಕೆ ದಾಟುತ್ತವೆಯೇ ಎಂದು ನೋಡುವ ಬಬಲ್ ಎಕೋ ಪರೀಕ್ಷೆಯಾಗಲಿ, ಶ್ವಾಸಕೋಶದ ಆ ದೋಷಪೂರಿತ ನಾಳವನ್ನು ತೊಡೆಯ ರಕ್ತನಾಳದ ಮೂಲಕ ಕಾಯಿಲ್ (ಲೋಹದ ಸಣ್ಣ ಸುರುಳಿ) ತೂರಿಸಿ ಮುಚ್ಚುವ ಚಿಕಿತ್ಸೆಯಾಗಲಿ ಬೆಂಗಳೂರಿಗೆ ಹೊಸದಲ್ಲ. ಅಮೆರಿಕ, ಕೆನಡಾ, ನೆದರ್‌ಲೆಂಡ್ಸ್‌ಗಳಲ್ಲಿರುವಂತೆ ಈ ತಜ್ಞರನ್ನೆಲ್ಲ ಒಟ್ಟಿಗೆ ಕೂರಿಸಿ, ರೋಗಿಯೊಬ್ಬನನ್ನಲ್ಲದೆ ಇಡೀ ಕುಟುಂಬವನ್ನು ತಪಾಸಿಸುವ ಎಚ್‌ಎಚ್‌ಟಿ ಕೇಂದ್ರ ನಮಗೆ ಬೇಕಾಗಿದೆ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಗಳು ಜೊತೆಗೂಡಿ ಶ್ರೇಷ್ಠತಾ ಕೇಂದ್ರವಾಗಿವೆ. ಆದರೆ ಎಚ್‌ಎಚ್‌ಟಿಯ ಲಕ್ಷಣಗಳು ವಯಸ್ಸಾದಂತೆ ಹೆಚ್ಚುವುದರಿಂದ ದೊಡ್ಡವರನ್ನು ನೋಡುವ ಸರ್ಕಾರಿ ಆಸ್ಪತ್ರೆಯೊಂದರಲ್ಲಿ, ತಿಂಗಳಿಗೆ ಒಂದು ದಿನವಾದರೂ, ಸಂಯುಕ್ತ ಕ್ಲಿನಿಕ್ ನಡೆಯಬೇಕು. ಹಲ್ಲಿನ ಚಿಕಿತ್ಸೆಗೆ ಮುನ್ನ ಆ್ಯಂಟಿಬಯೋಟಿಕ್ ಕೊಡಬೇಕು, ಡ್ರಿಪ್‌ನಲ್ಲಿ ಗಾಳಿ ಸೇರದಂತೆ ನೋಡಿಕೊಳ್ಳಬೇಕು ಎಂದು ಕನ್ನಡದಲ್ಲಿ ಬರೆದ ಒಂದು ಚೀಟಿ ಅಲ್ಲಿಂದ ಪ್ರತಿ ರೋಗಿಯ ಕೈಗೂ ಸಿಗಬೇಕು. ವೈದ್ಯಕೀಯ ಶಿಕ್ಷಣ ಇಲಾಖೆ ಇದನ್ನು ದಯವಿಟ್ಟು ಪರಿಗಣಿಸಲಿ.

ಅಣ್ಣನ ಮಗಳು ಈಗ ಐದು ತಿಂಗಳ ಗರ್ಭಿಣಿ. ಅವಳಿಗೂ ಚಿಕ್ಕಂದಿನಿಂದ ಮೂಗಿನಲ್ಲಿ ರಕ್ತ ಬರುತ್ತದೆ. ಶ್ವಾಸಕೋಶದಲ್ಲಿ ಇಂಥ ನಾಳವಿದ್ದರೆ ಮುಂದಿನ ತಿಂಗಳುಗಳಲ್ಲಿ ಅದು ಒಡೆಯುವ ಅಪಾಯವಿದೆಯೆಂದು ಹೆರಿಗೆ ವೈದ್ಯರಿಗೆ ನಾವೇ ವಿವರಿಸಿ ಬಬಲ್ ಎಕೋಗೆ ಬರೆಸಿಕೊಂಡಿದ್ದೇವೆ. ಬೆಂಗಳೂರಿನಿಂದ ದಿನಾಂಕ ಬರುವುದನ್ನು ಕಾಯುತ್ತಿದ್ದೇವೆ.

– ಓದುಗ, ಶಿವಮೊಗ್ಗ