ಕುದುರೆಯ ಮಿತಿ ಕೋಣಕ್ಕೆ ಹೊಂದುವುದಿಲ್ಲ

ಮಾನ್ಯ ಸಂಪಾದಕರೇ,

ಕಂಬಳದ ಕೋಣಗಳಿಗೂ ಉದ್ದೀಪನ ಮದ್ದಿನ ಪರೀಕ್ಷೆ ಬರಲಿ, ಬೇಡವೆನ್ನುವವರು ನಾವಲ್ಲ. ಆದರೆ ಕುದುರೆ ರೇಸಿನ ನಿಯಮಾವಳಿಯನ್ನು ಇದ್ದ ಹಾಗೆಯೇ ತಂದು ಕರೆಯ (ಕೋಣ ಓಡುವ ಕೆಸರು ಗದ್ದೆಯ) ಬದಿಯಲ್ಲಿ ಜಾರಿ ಮಾಡಿದರೆ ತಪ್ಪೇ ಮಾಡದ ಯಜಮಾನರು ಸಿಕ್ಕಿಬೀಳುತ್ತಾರೆ.

ಫಿನೈಲ್‌ಬ್ಯುಟಜೋನ್ ಎಂಬ ನೋವಿನ ಮದ್ದನ್ನೇ ನೋಡಿ. ಅಮೆರಿಕದ 1968ರ ಕೆಂಟಕಿ ಡರ್ಬಿ ರೇಸಿನಲ್ಲಿ ಮೊದಲು ಬಂದ ಡ್ಯಾನ್ಸರ್ಸ್ ಇಮೇಜ್ ಎಂಬ ಕುದುರೆ ಪ್ರಶಸ್ತಿ ಕಳೆದುಕೊಂಡದ್ದು ಇದರಿಂದಲೇ. ಕುದುರೆಯ ರಕ್ತದಲ್ಲಿ ಇದರ ಪ್ರಮಾಣ ಅರ್ಧಕ್ಕಿಳಿಯಲು ಐದಾರು ಗಂಟೆ ಸಾಕು, ದನದಲ್ಲಿ ಸುಮಾರು ಎರಡು ದಿನ ಬೇಕು. ಮಂಪರು ಬರಿಸುವ ಕ್ಸೈಲಜಿನ್ ಮದ್ದಾದರೆ ಕುದುರೆಗೆ ಕೊಡುವುದರ ಹತ್ತರಲ್ಲೊಂದು ಪಾಲಿಗೇ ದನ ಮಂಪರಿಗೆ ಬೀಳುತ್ತದೆ. ಕೋಣವಂತೂ ದನವೂ ಅಲ್ಲ. ಅದಕ್ಕೆ ಅದರದೇ ಲೆಕ್ಕ ಬೇಕು.

ಆ ಲೆಕ್ಕಕ್ಕೆ ದಾರಿಯಿದೆ. ಆರೋಗ್ಯವಂತ ಆರು ಕೋಣಗಳಿಗೆ ಮದ್ದನ್ನು ಒಮ್ಮೆ ರಕ್ತನಾಳಕ್ಕೆ ಕೊಟ್ಟು, ಮೊದಲ ಗಂಟೆಯಲ್ಲಿ ಬೇಗಬೇಗನೆ, ಆಮೇಲೆ ಅಂತರ ಹೆಚ್ಚಿಸುತ್ತ ಕೆಲವು ದಿನ ರಕ್ತ, ಮೂತ್ರ ತೆಗೆಯಬೇಕು. ದೇಹ ಮದ್ದನ್ನು ತೆರವು ಮಾಡುವ ದರ ಅದರಿಂದ ಸಿಗುತ್ತದೆ. ದಿನದ ಚಿಕಿತ್ಸಾ ಪ್ರಮಾಣವನ್ನು ಆ ದರದಿಂದ ಭಾಗಿಸಿದರೆ ಮದ್ದು ಕೆಲಸ ಮಾಡುವ ರಕ್ತಮಟ್ಟ ಬಂತು. ಅದನ್ನು 500ರಿಂದ ಭಾಗಿಸಿದರೆ ಪರಿಣಾಮವೇ ಇಲ್ಲದ ಮಟ್ಟ. ಫ್ರಾನ್ಸಿನ ಸಂಶೋಧಕರಾದ ತೂತಾಂ ಮತ್ತು ಲಾಸೂರ್ 2002ರಲ್ಲಿ ಕುದುರೆಗಳಿಗೆಂದು ಸೂಚಿಸಿದ ವಿಧಾನವಿದು. ಮದ್ದು ಪರೀಕ್ಷೆಯಲ್ಲಿ ಕಾಣುವ ಪತ್ತೆ ಅವಧಿಯನ್ನೇ, ಓಟಕ್ಕೆ ಮುಂಚೆ ಮದ್ದು ನಿಲ್ಲಿಸಬೇಕಾದ ಅವಧಿ ಎಂದುಕೊಂಡು ಎಡವಿದವರು ರೇಸಿನಲ್ಲೂ ಇದ್ದಾರೆ. ಮೊದಲನೆಯದು ಆ ಕೆಲವೇ ಪ್ರಾಣಿಗಳಲ್ಲಿ ಕಂಡದ್ದಷ್ಟೇ, ಅದರ ಮೇಲೆ ವೈದ್ಯರು ಇನ್ನಷ್ಟು ದಿನ ಸೇರಿಸಲೇಬೇಕು.

ಮೇವಿನ ತೊಡಕು ಬೇರೆ. ರೇಸ್ ಕುದುರೆಯ ಮೂತ್ರದಲ್ಲಿ ಕೋಬಾಲ್ಟ್ ಮಿಲಿಲೀಟರಿಗೆ 0.1 ಮೈಕ್ರೋಗ್ರಾಂ ದಾಟಬಾರದು. ಮೆಲುಕು ಹಾಕುವ ಪ್ರಾಣಿಗೆ ಕೊಡುವ ಖನಿಜ ಮಿಶ್ರಣದಲ್ಲಿ ಕೋಬಾಲ್ಟ್ ಇರಲೇಬೇಕು, ಹೊಟ್ಟೆಯ ಸೂಕ್ಷ್ಮಜೀವಿಗಳು ಬಿ12 ಮಾಡುವುದು ಅದರಿಂದ. ಕೋಕೋದಲ್ಲಿರುವ ಉತ್ತೇಜಕ ಥಿಯೋಬ್ರೊಮಿನ್ ಮಿತಿ 2 ಮೈಕ್ರೋಗ್ರಾಂ. ನಮ್ಮ ಅಡಿಕೆ ತೋಟಗಳ ನಡುವಿನ ಕೋಕೋ ಸಿಪ್ಪೆ ತಿಂದ ಕೋಣದಲ್ಲಿ ಎಷ್ಟಿದ್ದೀತು?

ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ಉತ್ತೇಜಕ ಕೂಡ ಪರೀಕ್ಷೆಯ ಉಪಕರಣಕ್ಕೆ ಕಾಣುತ್ತದೆ. ಆದ್ದರಿಂದ ಮಾದರಿ ತೆಗೆಯುವವರ ಬಾಯಲ್ಲಿ ಎಲೆಅಡಿಕೆ ಇರಕೂಡದು, ಪ್ರತಿ ಕೋಣಕ್ಕೂ ಹೊಸ ಗ್ಲೌಸ್ ಬೇಕು. ನೆಲಕ್ಕೆ ಬಿದ್ದ ಮೂತ್ರ ಪ್ರಯೋಜನಕ್ಕಿಲ್ಲ, ಉದ್ದ ಹಿಡಿಯ ಪಾತ್ರೆಯಲ್ಲಿ ನೇರ ಹಿಡಿಯಬೇಕು. ಹಟ್ಟಿಯ ಮೂಲೆಯಲ್ಲಿ ಮನುಷ್ಯರು ಮೂತ್ರ ಮಾಡುವುದನ್ನೂ ನಿಲ್ಲಿಸಿ. ಕೆಲಸದವರು ನುಂಗಿದ ಮಾತ್ರೆ ಹುಲ್ಲಿನ ಮೂಲಕ ಕುದುರೆಯ ಮೂತ್ರದಲ್ಲಿ ಕಾಣಿಸಿಕೊಂಡದ್ದುಂಟು.

ಕೋಣದ ಲೆಕ್ಕ ಸಿಗುವವರೆಗೆ ಉತ್ತೇಜಕ ಆಂಫೆಟಮಿನ್, ಸ್ನಾಯು ಬೆಳೆಸುವ ಸ್ಟ್ಯಾನೊಜೊಲಾಲ್‌ನಂಥ ಕೋಣದ ಚಿಕಿತ್ಸೆಗೆ ಬೇಡದ ಮದ್ದುಗಳನ್ನಷ್ಟೇ ಪೂರ್ತಿ ನಿಷೇಧಿಸಿ ಪರೀಕ್ಷಿಸಲಿ. ಉಳಿದವಕ್ಕೆ ತಾರೀಕು, ಪ್ರಮಾಣ, ಕೊಟ್ಟ ಬಗೆ, ವೈದ್ಯರ ಸಹಿ ಇರುವ ಪುಸ್ತಕ ಕಡ್ಡಾಯವಾಗಲಿ. ಮಾದರಿಯನ್ನು ಎ, ಬಿ ಎಂದು ಎರಡು ಮಾಡಿ ಸೀಲ್ ಹಾಕಬೇಕು. ಮರುಪರೀಕ್ಷೆಗೆಂದು ಬಿ ಬಾಟಲಿಯ ಸೀಲ್ ಒಡೆಯುವಾಗ ಯಜಮಾನರ ಕಡೆಯವರೊಬ್ಬರು ಎದುರಿಗಿರಬೇಕು.

– ಪಶುವೈದ್ಯರಿಬ್ಬರು, ಉಡುಪಿ