ಆಯಿಯ ಲಿಂಗ ಕೇಳಿದ ಮಗಳಿಗೆ

ಪ್ರೀತಿಯ ಮಗಳಿಗೆ,

ರವಿವಾರ ಫೋನಿನಲ್ಲಿ ಆದ ಮಾತು ಮತ್ತೆ ಬರೆಯೋದಿಲ್ಲ. ನೀನು ಫೋನ್ ಇಟ್ಟ ಮೇಲೆ ನಿಮ್ಮವ್ವ ನನಗೆ ಸಾಕಷ್ಟು ಬೈದಳು. ಆದರೆ "ಆಯಿ ತನ್ನ ಲಿಂಗ ನನಗೆ ಕೊಡ್ತೀನಿ ಅಂದಿದ್ದಳು, ನೀವು ಮಣ್ಣಿಗೆ ಹಾಕಿದಿರಿ" ಅಂದೆಯಲ್ಲ, ಅದಕ್ಕೆ ಉತ್ತರ ಕೊಡಬೇಕು ಅನ್ನಿಸಿತು.

ನಮ್ಮ ಲಿಂಗಾಯತರಲ್ಲಿ ಮೈಮೇಲೆ ಕಟ್ಟಿಕೊಂಡ ಇಷ್ಟಲಿಂಗ ಯಾರಿಗೂ ಬಿಟ್ಟು ಹೋಗೋದಲ್ಲ ಯವ್ವಾ. ಕೂಸಿದ್ದಾಗ ಕಟ್ಟಿದ್ದು ಕುಣಿಯವರೆಗೂ ಜೊತೆಗಿರುತ್ತದೆ. ನನ್ನವ್ವ, ನಿನ್ನ ಆಯಿ, ತೀರಿಕೊಂಡಾಗ ಹೊಲದಲ್ಲಿ ನಿನ್ನ ಅಜ್ಜ ಮುತ್ಯಾನ ಪಕ್ಕದಲ್ಲೇ ಕುಣಿ ತೋಡಿಸಿದೆ. ಆಯಿಯನ್ನು ಕೂಡಿಸಿ, ಎಡಗೈಯಲ್ಲಿ ಲಿಂಗ ಇಟ್ಟು, ವಿಭೂತಿ, ಪತ್ರಿ ಹಾಕಿದೆವು. ನೀನು ಬರೋವರೆಗೆ ಕಾಯಬಹುದಿತ್ತು ಅನ್ನೋದು ಬೇರೆ ಮಾತು. ಹಿರಿಯರು ಹೊತ್ತು ಮುಳುಗೋದರೊಳಗೆ ಆಗಬೇಕು ಅಂದರು, ನಾನು ಹೂಂ ಅಂದೆ. ಅದರ ಸಂಕಟ ನನಗೂ ಇದೆ.

ಆದರೆ ಆ ಕೈಯಿಂದ ಲಿಂಗ ತೆಗೆದಿಡೋದು ನನ್ನಿಂದ ಆಗುತ್ತಿರಲಿಲ್ಲ. ಯಾಕಂದರೆ 1972ರ ಬರದಲ್ಲಿ ಅದೇ ಕೈ ನೋಡಿದ್ದೇನೆ. ಜೋಳ ತೆನೆ ಕಟ್ಟಲಿಲ್ಲ, ಬಾವಿ ಬತ್ತಿದವು. ಆಯಿ ಬರಗಾಲದ ಕಾಮಗಾರಿಗೆ ಹೋಗುತ್ತಿದ್ದಳು, ರಸ್ತೆಗೆ ಖಡಿ ಒಡೆಯೋಕೆ. ನಾನು ಆರು ವರ್ಷದವನು, ಸೆರಗು ಹಿಡಿದು ಹೋಗುತ್ತಿದ್ದೆ. ನಸುಕಿನಲ್ಲೇ ನೀರಿಗೆ ಪಾಳಿ ಹಚ್ಚಿ, ಅಲ್ಲಿಂದಲೇ ಕೆಲಸಕ್ಕೆ. ಪೂಜೆ ಮಧ್ಯಾಹ್ನ ಬೇವಿನ ಗಿಡದ ಕೆಳಗೆ. ಅಲ್ಲಿಯವರೆಗೆ ಆಯಿ ಹನಿ ನೀರೂ ಮುಟ್ಟುತ್ತಿರಲಿಲ್ಲ.

ಒಂದು ದಿನ ತಂಬಿಗೆಯಲ್ಲಿ ಉಳಿದದ್ದೇ ನಾಲ್ಕು ಗುಟುಕು. ನಾನು ನೀರು ನೀರು ಅಂತ ಅಳುತ್ತಿದ್ದೆ. "ತಡಿ, ಲಿಂಗಕ್ಕ ಮೊದಲ" ಅಂದಳು. ಎಡಗೈ ಮೇಲೆ ಲಿಂಗ, ಅದರ ಕೆಳಗೆ ಬಟ್ಟಲು. ತಂಬಿಗೆ ಬಗ್ಗಿಸಿದಳು. ಒಂದು ಹನಿ ನೆಲಕ್ಕೆ ಬೀಳಲಿಲ್ಲ. ಕಣ್ಣು ಮುಚ್ಚಿದಳು. ನನಗೆ ಎಂಥ ಸಿಟ್ಟು ಬಂದಿತ್ತು ಗೊತ್ತಾ! ಆಮೇಲೆ ಅದೇ ಬಟ್ಟಲು ನನ್ನ ಬಾಯಿಗೆ ಹಿಡಿದಳು. ತಳದಲ್ಲಿ ಉಳಿದದ್ದನ್ನು ತಾನು ಕುಡಿದಳು.

ಲಿಂಗದ ಮೇಲೆ ಎರೆದ ಆ ನೀರಿಗೆ ಪಾದೋದಕ ಅಂತ ಹೆಸರು, ಅದೂ ಗೊತ್ತಿರದ ವಯಸ್ಸು. ನಾನು ಆಮೇಲೂ ಇದನ್ನೇ ಯೋಚನೆ ಮಾಡಿದ್ದೇನೆ, ಕಚೇರಿಯಲ್ಲಿ ಕೂತು ಕೂಡ. ನನ್ನನ್ನು ಕಾಯಿಸಿದಳಾ? ಅಥವಾ ಇದ್ದ ನೀರಿನಲ್ಲೇ ದೇವರನ್ನೂ ನನ್ನನ್ನೂ ಸಂಭಾಳಿಸಿದಳಾ? ನೀನು ಹುಟ್ಟಿದ ವರ್ಷ ಕೇಳಿಯೂ ಬಿಟ್ಟೆ. ರೊಟ್ಟಿ ಬಡಿಯುತ್ತಿದ್ದಳು. "ರೊಟ್ಟಿ ಆರ್ತದ, ತಿನ್ನು" ಅಂದಳು.

ಹಾಗಂತ ಆಯಿ ಬರೀ ಭಕ್ತಿಯ ಮುದ್ದೆ ಅಲ್ಲ. ಅರಳಗುಂಡಗಿಯ ಶರಣಬಸವೇಶ್ವರರು ಹೊಲದಲ್ಲಿ ಹಕ್ಕಿ ಓಡಿಸದೆ ಕಾಳು ತಿನ್ನಲು ಬಿಟ್ಟ ಕಥೆ ಹೇಳುತ್ತಾ ಅಳುತ್ತಿದ್ದಳು. ಮರುದಿನ ನಮ್ಮ ಕೈಗೆ ಕವಣೆ ಕೊಟ್ಟು ಜೋಳ ಕಾಯೋಕೆ ಕಳಿಸುತ್ತಿದ್ದಳು! ಕಲಬುರಗಿಯ ಸೂಫಿ ಸಂತ ಬಂದೇ ನವಾಜರ ಉರುಸು ಬಂದರೆ ದರ್ಗಾಕ್ಕೆ ಸಕ್ಕರೆ ಕಳಿಸೋದೂ ಅವಳೇ. 2025ರ ಆಗಸ್ಟ್‌ನಲ್ಲಿ ಶರಣಬಸವೇಶ್ವರ ಸಂಸ್ಥಾನದ ಪೀಠಾಧಿಪತಿ ಶರಣಬಸವಪ್ಪ ಅಪ್ಪ ಲಿಂಗೈಕ್ಯರಾದಾಗ ಊಟ ಬಿಟ್ಟು ಕೂತಿದ್ದಳು. ನೀನೇ ಫೋನ್ ಮಾಡಿ ಗದರಿಸಿದ ಮೇಲೆ ತಿಂದಳು. ನಿನ್ನ ಮಾತು ಕೇಳುತ್ತಿದ್ದಳು, ನನ್ನದಲ್ಲ.

ಪುಣೆಯಲ್ಲಿ ಒಬ್ಬಳೇ ಮನೆ ಮಾಡಿ, ಸಾಲ ಮಾಡದೆ ಬದುಕುತ್ತಿದ್ದೀಯ. ಹೆಮ್ಮೆ ಇದೆ, ಎದುರಿಗೆ ಹೇಳೋಕೆ ಬರೋದಿಲ್ಲ ಅಷ್ಟೇ. ಆದರೆ ಬೆಳಿಗ್ಗೆ ಬರೀ ಕಾಫಿ ಕುಡಿದು ಓಡೋದು ಬಿಡು. ರಾತ್ರಿ ಎರಡಕ್ಕೆ ಮಲಗೋದೂ ಬಿಡು. ಸಿಟ್ಟು ಬಂದರೆ ಮೆಸೇಜ್ ಹಾಕಬೇಡ, ಒಂದು ರಾತ್ರಿ ತಡೆ. ಲಿಂಗ ಕಟ್ಟಿಕೋ ಅಂತ ನಾನು ಒತ್ತಾಯ ಮಾಡಲ್ಲ. ಕಟ್ಟಿಕೊಂಡರೆ ಮಾತ್ರ ಆಯಿಯ ನೆನಪಿಗೆ ಅಂತ ಕಟ್ಟಬೇಡ, ದಿನಾ ಪೂಜೆ ಮಾಡಬೇಕಾಗುತ್ತದೆ. ನೋಡು, ಉಪದೇಶ ಬೇಡ ಅಂತಲೇ ಪತ್ರ ಶುರು ಮಾಡಿದ್ದೆ.

ಆಯಿ ಲಿಂಗ ಇಡುತ್ತಿದ್ದ ಬೆಳ್ಳಿ ಕರಡಿಗೆ ತೆಗೆದಿಟ್ಟಿದ್ದೇನೆ. ಬಹುಶಃ ಆಯಿ ನಿನಗೆ ಕೊಡ್ತೀನಿ ಅಂದದ್ದು ಇದನ್ನೇ. ಮುಚ್ಚಳ ಸ್ವಲ್ಪ ಸಡಿಲ ಇದೆ, ಅಕ್ಕಸಾಲಿಗನಿಗೆ ತೋರಿಸಲಾ, ಹಾಗೇ ಇಡಲಾ? ನೀನೇ ಹೇಳು. ಹೋಳಿ ಆದ ಐದನೆಯ ದಿನ ಕಲಬುರಗಿಯಲ್ಲಿ ಶರಣಬಸವೇಶ್ವರರ ತೇರು. ಆಗ ಬಾ, ಹೊಲಕ್ಕೂ ಹೋಗಿ ಬರೋಣ. ಉದ್ಯಾನ್ ಎಕ್ಸ್‌ಪ್ರೆಸ್‌ಗೆ ಈಗಲೇ ಟಿಕೆಟ್ ತೆಗಿ. ಜಾತ್ರೆ ಹೊತ್ತಿಗೆ ವೇಟಿಂಗ್ ಲಿಸ್ಟ್ ನಂಬೋ ಹಾಗಿಲ್ಲ.

ನಿನ್ನ
ಅಪ್ಪ